ಹೊಟ್ಟೆ ಮುಟ್ಟಿ ನೋಡುವ ಕೈ
ಅಂಕೋಲಾ–ಹುಬ್ಬಳ್ಳಿ ಹೆದ್ದಾರಿಯ ಸುಂಕಸಾಳದಂಥ ಊರಲ್ಲಿ ಹೊಟ್ಟೆನೋವಿನವರಿಗೆ ಸ್ಕ್ಯಾನಿಂಗ್ ಎಂದರೆ ಅಂಕೋಲೆಗೋ ಕಾರವಾರಕ್ಕೋ ಇಳಿಯುವ ಮಾತು. ಹಾಗಾಗಿ ಮೊದಲ ತೀರ್ಮಾನ ವೈದ್ಯರ ಕೈಯದೇ. ಮಂಡಿ ಮಡಚಿಸಿ ಮಲಗಿಸಿ, ಕಣ್ಣಲ್ಲಿ ನೋಡಿ, ಸ್ಟೆತಾಸ್ಕೋಪಿಟ್ಟು ಕೇಳಿ, ಆಮೇಲಷ್ಟೇ ನೋವಿಲ್ಲದ ಕಡೆಯಿಂದ ಮೆಲ್ಲಗೆ ಒತ್ತುತ್ತ ಬರಬೇಕು. ಒತ್ತುವಾಗ ರೋಗಿಯ ಮುಖ ನೋಡುತ್ತಿರಬೇಕು. ಬಾಯಿ ಬಿಡದವರೂ ಹುಬ್ಬು ಗಂಟಿಕ್ಕುತ್ತಾರೆ. ಹೊಕ್ಕುಳಿಂದ ಬಲಸೊಂಟದ ಮೂಳೆಯತ್ತ ಮೂರರಲ್ಲಿ ಎರಡು ಪಾಲು ಸಾಗಿದಲ್ಲಿ ನೋವಿದ್ದರೆ ಅಪೆಂಡಿಕ್ಸಿನ ಶಂಕೆ. 1889ರಲ್ಲಿ ನ್ಯೂಯಾರ್ಕಿನ ಸರ್ಜನ್ ಮೆಕ್‌ಬರ್ನಿ ಗುರುತಿಸಿದ ಜಾಗವದು. ಕೈ ತಪ್ಪಬಹುದಲ್ಲ ಎಂದರೆ, ಹೌದು; ವೃದ್ಧರ ಕರುಳು ತೂತಾದರೂ ಹೊಟ್ಟೆ ಮೆತ್ತಗಿರಬಹುದು. ಆದರೆ ಇಲ್ಲಿ ಕೈಗೆ ಕೇಳುವ ಪ್ರಶ್ನೆ ಚಿಕ್ಕದು: ಆಂಬುಲೆನ್ಸ್ ಈಗಲೇ ಬೇಕೋ, ನಾಳೆಯ ಬಸ್ಸು ಸಾಕೋ? ಹೊಟ್ಟೆ ಹಲಗೆಯಂತೆ ಬಿಗಿದಿದ್ದರೆ ಅನ್ನ, ನೀರು ಏನೂ ಕೊಡದೆ ತಕ್ಷಣ ಹೊರಡಿಸಬೇಕು.