ಪಾಳೆಯಗಾರನೂ ‘ಪಾಲಿಗಾರ’ನೂ

ಆಲೂರು ತಾಲ್ಲೂಕಿನಲ್ಲಿ ಪಾಳ್ಯವೆಂಬ ಹೋಬಳಿಯುಂಟು. ಬೆಂಗಳೂರಿನಲ್ಲಿ ಗೋರಿಪಾಳ್ಯ, ಮುನಿರೆಡ್ಡಿಪಾಳ್ಯಗಳುಂಟು. ಕನ್ನಡನಾಡಿನ ತೆಂಕಣ ಭಾಗದಲ್ಲಿ ಈ ಹೆಸರು ಹೊತ್ತ ಊರುಗಳನ್ನು ಎಣಿಸಹೊರಟರೆ ವಾಚಕರಿಗೆ ಬೇಸರ ಬಂದೀತು. ಪಾಳೆಯವೆಂದರೆ ದಂಡು ಬೀಡುಬಿಡುವ ಸ್ಥಳ. ಆ ಬೀಡಿಗೆ ಒಡೆಯನಾಗಿ, ಸುತ್ತಣ ಸೀಮೆಯನ್ನು ಕಾದು, ಅರಸನು ಕರೆದಾಗ ಆಳು ಕುದುರೆಗಳೊಡನೆ ಹಾಜರಾಗತಕ್ಕವನು ಪಾಳೆಯಗಾರ. ವಿಜಯನಗರದ ಕಾಲದಲ್ಲಿ ಇದು ಪದವಿಯ ಹೆಸರು, ಬೈಗುಳವಲ್ಲ.

ಈ ಮಾತು ಇಂಗ್ಲಿಷಿಗೆ ಹೋಗಿ ‘ಪಾಲಿಗಾರ್’ ಆಯಿತು. ತಮಿಳಿನ ಪಾಳೈಯಕ್ಕಾರನ್, ತೆಲುಗಿನ ಪಾಳೆಗಾಡು, ನಮ್ಮ ಪಾಳೆಯಗಾರ, ಮೂರೂ ಒಂದೇ ಬೇರಿನ ಚಿಗುರುಗಳು. ಕಂಪನಿಯವರ ಕಿವಿಗೆ ಮೂರೂ ಒಂದಾಗಿ ಕೇಳಿಸಿದುದರಲ್ಲಿ ಆಶ್ಚರ್ಯವಿಲ್ಲ. ಕಪ್ಪ ಸಲ್ಲುತ್ತಿರುವವರೆಗೆ ಈ ಶಬ್ದಕ್ಕೆ ಸೀಮೆಯೊಡೆಯನೆಂದೇ ಅರ್ಥ. ಕಪ್ಪ ನಿಂತಲ್ಲಿ ಅರ್ಥವೂ ತಿರುಗಿತು. ತಮಿಳು ಸೀಮೆಯಲ್ಲಿ 1799ರಲ್ಲಿ ಕಟ್ಟಬೊಮ್ಮನನ್ನು ಗಲ್ಲಿಗೇರಿಸಿದರು. ಉಳಿದವರಲ್ಲಿ ಒಪ್ಪಿ ನಡೆದವರನ್ನು 1803ರಲ್ಲಿ ಜಮೀನ್ದಾರರನ್ನಾಗಿ ಮಾಡಿದರು. ತಲೆಬಾಗಿದವನು ಜಮೀನ್ದಾರ, ಬಾಗದವನು ಪಾಲಿಗಾರ! 1886ರಲ್ಲಿ ಯೂಲ್ ಮತ್ತು ಬರ್ನೆಲ್ ಪಂಡಿತರ ‘ಹಾಬ್ಸನ್-ಜಾಬ್ಸನ್’ ನಿಘಂಟು ಪ್ರಕಟವಾಗುವ ವೇಳೆಗೆ, ಕಾಡುಸೀಮೆಗಳಲ್ಲಿದ್ದು ಸುಲಿಗೆಯ ಚಾಳಿಯುಳ್ಳ ನಾಯಕರೆಂಬ ಅರ್ಥವು ಗಟ್ಟಿಯಾಗಿದ್ದಿತು. ಅದೇ ನಿಘಂಟಿನಲ್ಲಿ ‘ಪಾಲಿಗಾರ್ ನಾಯಿ’ಯೆಂಬುದಕ್ಕೂ ಬೇರೆಯಾಗಿ ಸ್ಥಳ ದೊರೆತಿದೆ.

ನಮ್ಮ ಮಲೆನಾಡಿನ ಸಾಕ್ಷ್ಯವನ್ನೇ ತೆಗೆದುಕೊಳ್ಳೋಣ. ಸಕಲೇಶಪುರದ ಸೀಮೆಗೆ ಹಿಂದೆ ಬಲಂ ಎಂದು ಹೆಸರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೂ ಬಲಂ ದೊರೆಯು ಕಂಪನಿಗೆ ಮಣಿಯಲಿಲ್ಲ. ಮಂಗಳೂರಿಗಿಳಿಯುವ ಘಟ್ಟದ ದಾರಿಗಳು ಆತನ ಕಾಡಿನೊಳಗಿದ್ದುವು. ಕಂಪನಿಗೆ ಬೇಕಾದುದೂ ಆ ದಾರಿಗಳೇ. 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿಯು ದಂಡೆತ್ತಿ ಬಂದು ಅರಕೆರೆಯನ್ನು ಹಿಡಿದನು. ಮುಂದಿನ ತಿಂಗಳಲ್ಲಿ ದೊರೆಯು ಸೆರೆಸಿಕ್ಕಿ ಗಲ್ಲಿಗೇರಿದನು. ಇದೇ ವೆಲ್ಲೆಸ್ಲಿಯು 1815ರಲ್ಲಿ ವಾಟರ್ಲೂ ರಣರಂಗದಲ್ಲಿ ನೆಪೋಲಿಯನ್ನನನ್ನು ಗೆದ್ದು ಯೂರೋಪಿನ ಸ್ವಾತಂತ್ರ್ಯವನ್ನು ಉಳಿಸಿದನೆಂದು ಅವರ ಚರಿತ್ರೆಗಳು ಕೊಂಡಾಡುವುವು. ಬಲಂ ಸೀಮೆಯವರಿಗೆ ಆತನು ಉಳಿಸಿದುದೇನು?

ಪಾಳೆಯಗಾರರೆಲ್ಲರೂ ಧರ್ಮರಾಯರೆಂದು ನಾವು ವಾದಿಸುವುದಿಲ್ಲ. ರೈತನನ್ನು ಸುಲಿದವರೂ ನೆರೆಯ ಸೀಮೆಯನ್ನು ಸೂರೆಮಾಡಿದವರೂ ಅವರಲ್ಲಿದ್ದರು. ಆದರೆ ನ್ಯಾಯಸ್ಥಾನದಲ್ಲಿ ಪ್ರತಿವಾದಿಯ ಗುಣವನ್ನು ವಾದಿಯ ಫಿರ್ಯಾದಿಯಿಂದಲೇ ನಿಷ್ಕರ್ಷಿಸುವ ಪದ್ಧತಿಯಿಲ್ಲ. ನಮ್ಮ ಚರಿತ್ರೆಯಲ್ಲಿ ಮಾತ್ರ ಆ ಪದ್ಧತಿಯು ನಡೆದುಬಂದಿದೆ.

ಇನ್ನೊಂದು ಮಾತು. 1824ರಲ್ಲಿ ಕಂಪನಿಯನ್ನು ಎದುರಿಸಿದ ಕಿತ್ತೂರಿನವರು ಅದರ ಕಾಗದಗಳಲ್ಲಿ ‘ದೇಸಾಯಿ’ಗಳು, ಬಲಂ ದೊರೆಯು ಪಾಲಿಗಾರ. ಕಿತ್ತೂರಿನ ಮಕ್ಕಳು ಮುಂಬಯಿ ಪ್ರಾಂತದ ಚರಿತ್ರೆಯನ್ನೂ ಸಕಲೇಶಪುರದ ಮಕ್ಕಳು ಮೈಸೂರಿನ ಚರಿತ್ರೆಯನ್ನೂ ಓದುತ್ತಿದ್ದರು. ಎರಡೂ ಒಂದೇ ನಾಡಿನವರ ಪ್ರತಿಭಟನೆಯೆಂದು ಹೇಳುವ ಪುಸ್ತಕವು ಯಾರ ಪ್ರಾಂತದ ಶಾಲೆಗೆ ಬರಬೇಕಾಗಿದ್ದಿತು? 1956ನೆಯ ನವೆಂಬರ್ 1ರಂದು ಪ್ರಾಂತಗಳು ಕೂಡಿದುವು. ದಫ್ತರಗಳ ಭಾಷೆಯು ಇನ್ನೂ ಕೂಡಿಲ್ಲ.

ಎಲ್ಲಕ್ಕಿಂತ ವಿಷಾದವೆಂದರೆ, ನಮ್ಮಿಂದ ಹೋದ ಶಬ್ದವು ಪರರ ಅರ್ಥವನ್ನು ಹೊತ್ತು ನಮ್ಮಲ್ಲಿಗೇ ಮರಳಿರುವುದು. ಪುಢಾರಿಯೊಬ್ಬನು ದರ್ಪ ತೋರಿದರೆ ನಮ್ಮ ಸಂಪಾದಕರು ‘ಪಾಳೆಯಗಾರಿಕೆ’ಯೆಂದು ಬರೆಯುವರು. ನಾವೂ ಬರೆದಿದ್ದೇವೆಂದು ಒಪ್ಪಿಕೊಳ್ಳುತ್ತೇವೆ.

ಆಲೂರು ಸಕಲೇಶಪುರಗಳ ಉಪಾಧ್ಯಾಯರಲ್ಲಿ ನಮ್ಮದೊಂದು ವಿಜ್ಞಾಪನೆ. ನಿಮ್ಮೂರಿಗೆ ಪಾಳ್ಯವೆಂದು ಹೆಸರೇಕೆ ಬಂದಿತು, ಬಲಂ ದೊರೆಯ ವಿಷಯವಾಗಿ ಮನೆಯ ಹಿರಿಯರು ಏನು ಹೇಳುವರು ಎಂಬುದನ್ನು ಮಕ್ಕಳಿಂದ ಕೇಳಿಸಿ ಬರೆಯಿಸಿರಿ. ಬಂದ ಬರಹಗಳಿಗೆ ಈ ಪತ್ರಿಕೆಯಲ್ಲಿ ಸ್ಥಳ ಕೊಡುತ್ತೇವೆ.