ಬೆಳಗಿನಿಂದ ರಾತ್ರಿಯವರೆಗೂ ಆಟ



ಮದುವೆ ಮನೆಯಿರಲಿ, ದೇವಸ್ಥಾನದ ಕಟ್ಟೆಯಿರಲಿ, ನಾಲ್ಕು ಜನ ತಾಯಂದಿರು ಸೇರಿದರೆ ಈಗ ಒಂದೇ ಮಾತು. "ನಮ್ಮ ಹುಡುಗ ಬೆಳಿಗ್ಗೆ ಎದ್ದರೆ ರಾತ್ರಿಯವರೆಗೂ ಗೇಮ್ ಆಡ್ತಾನೆ ಕಣ್ರೀ, ಏನ್ ಮಾಡೋದು?" ಒಬ್ಬರು ಫೋನನ್ನೇ ಕಿತ್ತಿಟ್ಟುಕೊಳ್ಳಿ ಎನ್ನುತ್ತಾರೆ. ಇನ್ನೊಬ್ಬರು ಈಗಿನ ಕಾಲವೇ ಹಾಗೆ, ಬಿಟ್ಟುಬಿಡಿ ಎನ್ನುತ್ತಾರೆ. ನನಗಂತೂ ಎರಡೂ ಸರಿ ಕಾಣುವುದಿಲ್ಲ. ಈ ಸಲ ಅದರ ಬಗ್ಗೆಯೇ ಬರೆಯೋಣವೆಂದುಕೊಂಡೆ. ಅದರಲ್ಲೂ ಮಕ್ಕಳನ್ನು ಓದಲೆಂದು ಬೆಂಗಳೂರಿಗೆ ಕಳಿಸಿ ಊರಿನಲ್ಲಿ ಕಾಯುತ್ತಿರುವ ನಿಮ್ಮಂಥವರಿಗೆ ಇದು ಬೇಕು.

ದಿನವಿಡೀ ಆಟವಾಡುವುದು ಇವತ್ತಿನ ಸಂಗತಿಯೇನಲ್ಲ. ನಮ್ಮ ಅಜ್ಜಿಯರು ಚೌಕಾಬಾರದ ಮುಂದೆ ಕೂತರೆ ಒಲೆಯ ಮೇಲಿನ ಸಾರು ಬತ್ತಿಹೋಗುತ್ತಿತ್ತು. 1990ರ ದಶಕದಲ್ಲಿ ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮ್ ಪೆಟ್ಟಿಗೆ ಬಂತು, ಅದಕ್ಕೆ ಮಾರಿಯೋ, ಕಾಂಟ್ರಾ ಎಂದು ಕ್ಯಾಸೆಟ್ಟುಗಳು. ನನ್ನ ಅಣ್ಣ ಬೇಸಿಗೆ ರಜದಲ್ಲಿ ಅದರ ಮುಂದೆ ಕೂತರೆ ಏಳುತ್ತಲೇ ಇರಲಿಲ್ಲ. ಆದರೆ ಅದಕ್ಕೊಂದು ಕೊನೆಯಿತ್ತು ನೋಡಿ. ರಾಜಕುಮಾರಿಯನ್ನು ಬಿಡಿಸಿದರೆ ಆಟ ಮುಗಿಯಿತು. ಕರೆಂಟು ಹೋದರೆ ಮುಗಿಯಿತು. ಅಪ್ಪನಿಗೆ ವಾರ್ತೆ ನೋಡಬೇಕೆಂದರೆ ಅಲ್ಲಿಗೂ ಮುಗಿಯಿತು. ಇಡೀ ಮನೆಗೆ ಒಂದೇ ಟಿವಿಯಾದ್ದರಿಂದ ಯಾರಾದರೊಬ್ಬರು ಎಬ್ಬಿಸಿಯೇ ಎಬ್ಬಿಸುತ್ತಿದ್ದರು. ಈಗಿನ ಆಟ ಹುಡುಗನ ಸ್ವಂತ ಫೋನಿನಲ್ಲಿ, ಅವನ ಕಿಸೆಯಲ್ಲಿ, ಅವನ ಹೊದಿಕೆಯೊಳಗೆ ಇರುತ್ತದೆ. ಎಬ್ಬಿಸುವವರು ಯಾರು?

ಆಟದ ಒಳಗೇನಿದೆ ಎಂದು ತಿಳಿಯದೆ ಬೈದರೆ ಪ್ರಯೋಜನವಿಲ್ಲ ಎಂದು ನಾನು ಹುಡುಗರ ಪಕ್ಕದಲ್ಲೇ ಕೂತು ನೋಡಿದ್ದೇನೆ. ನೀವು ಹೆಸರು ಕೇಳಿರುವ ಪಬ್‌ಜಿ ಮೊಬೈಲ್ 2018ರಲ್ಲಿ ಬಂದದ್ದು. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಎಂಬ ಹೊಸ ಹೆಸರಿನಲ್ಲಿ ಬಂತು, 2022ರ ಜುಲೈನಲ್ಲಿ ಮತ್ತೆ ಹೋಯಿತು, 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕುತ್ತಾರೆ. ಓಡಾಡುವ ಜಾಗ ಬರಬರುತ್ತಾ ಕಿರಿದಾಗುತ್ತದೆ. ಕೊನೆಗೆ ಉಳಿದವರು ಗೆದ್ದಂತೆ. ನಾಲ್ಕು ಜನ ಒಂದು ತಂಡ ಕಟ್ಟಿಕೊಂಡು, ಕಿವಿಗೆ ಸಿಕ್ಕಿಸಿಕೊಂಡು, ಮಾತಾಡುತ್ತಲೇ ಆಡುತ್ತಾರೆ. ಒಂದು ಸುತ್ತು ಕೊನೆಯವರೆಗೂ ಹೋದರೆ ಹೆಚ್ಚುಕಡಿಮೆ ಅರ್ಧ ಗಂಟೆ.

ಈಗ ಹೇಳಿ, "ಊಟಕ್ಕೆ ಬಾರೋ" ಎಂದು ಕರೆದಾಗ "ಐದು ನಿಮಿಷ ಅಮ್ಮಾ" ಎನ್ನುತ್ತಾನಲ್ಲ, ಅದು ಪೂರ್ತಿ ಸುಳ್ಳಲ್ಲ. ನಡುವೆ ಎದ್ದರೆ ಎಲ್ಲೋ ದಾವಣಗೆರೆಯಲ್ಲೋ ದೆಹಲಿಯಲ್ಲೋ ಕೂತಿರುವ ಉಳಿದ ಮೂವರು ಅವನನ್ನು ಬೈಯುತ್ತಾರೆ, ಮತ್ತೆ ತಂಡಕ್ಕೆ ಸೇರಿಸುವುದಿಲ್ಲ. ಆಗ ವೈಫೈ ಆರಿಸುವುದು, ಫೋನು ಎಳೆದುಕೊಳ್ಳುವುದು ಮಾಡಿದರೆ ಅವನ ಕಣ್ಣಿಗೆ ನೀವೇ ಶತ್ರು. ಅದರ ಬದಲು "ಈ ಮ್ಯಾಚ್ ಮುಗಿಯೋಕೆ ಇನ್ನೆಷ್ಟು ಹೊತ್ತು?" ಎಂದು ಕೇಳಿ. ಮುಗಿಯುವ ಹೊತ್ತಿಗೆ ಪಕ್ಕದಲ್ಲಿ ನಿಂತಿರಿ. ಇನ್ನೊಂದು ಶುರುವಾಗದಂತೆ ನೋಡಿಕೊಳ್ಳಬೇಕಾದದ್ದು ಆ ಒಂದು ನಿಮಿಷದಲ್ಲಿ. ಸೋತವನಿಗೆ ಗೆಲ್ಲುವ ಆಸೆ, ಗೆದ್ದವನಿಗೆ ಇನ್ನೊಮ್ಮೆ ಗೆಲ್ಲುವ ಆಸೆ, ಎರಡೂ ಹುಟ್ಟುವುದು ಅಲ್ಲೇ. ದಿನಾ ಬಂದವನಿಗೊಂದು ಬಹುಮಾನ, ಕೆಲವು ವಾರಕ್ಕೊಮ್ಮೆ ಗಳಿಸಿದ ಅಂತಸ್ತು ಕೆಳಗಿಳಿದು ಮತ್ತೆ ಮೊದಲಿನಿಂದ ಏರುವುದು, ಹೀಗೆ ಬಿಟ್ಟುಹೋಗದಂತೆ ಕಟ್ಟಿದ್ದಾರೆ. 2021ರಲ್ಲಿ ಬಿಜಿಎಂಐ ಬಂದಾಗ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆ ಎಂದು ಮಿತಿ ಇಟ್ಟರು. ವಯಸ್ಸು ಕೇಳಿದ ಕಡೆ ಅಪ್ಪನ ವಯಸ್ಸು ಬರೆಯುವ ಮಕ್ಕಳಿಗೆ ಅದು ಯಾವ ಲೆಕ್ಕ!

ಇನ್ನು ಕೆಲವರು ಊಟಕ್ಕೆ ಬರುವುದಿಲ್ಲವೆಂದು ಆಡುವಲ್ಲಿಗೇ ತಟ್ಟೆ ಒಯ್ದು ಬಾಯಿಗೆ ತುತ್ತು ಇಡುತ್ತಾರೆ. ಹದಿನೇಳು ವರ್ಷದ ಹುಡುಗನಿಗೆ! ಇದನ್ನು ಮಾತ್ರ ಮಾಡಬೇಡಿ. ಹಸಿವಾದರೆ ಎದ್ದು ಬರುತ್ತಾನೆ. ಏಳಲು ಇರುವ ಅದೊಂದು ಕಾರಣವನ್ನೂ ನಾವೇ ಕಳೆಯಬಾರದು.

ಹಾಗಾದರೆ ಇದು ಕಾಯಿಲೆಯಾಗುವುದು ಯಾವಾಗ? ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ಇದನ್ನು 2019ರಲ್ಲಿ ಒಪ್ಪಿಕೊಂಡಿತು, 2022ರ ಜನವರಿ 1ರಿಂದ ಅದು ಜಾರಿಗೆ ಬಂತು. ಅದರಲ್ಲಿ ಎಷ್ಟು ಗಂಟೆ ಎಂಬ ಲೆಕ್ಕವೇ ಇಲ್ಲ. ಅಲ್ಲಿ ನೋಡುವುದು ಮೂರು ಸಂಗತಿ. ನಿಲ್ಲಿಸಬೇಕೆಂದರೂ ಅವನಿಂದ ನಿಲ್ಲಿಸಲು ಆಗುತ್ತಿಲ್ಲವೇ? ಊಟ, ನಿದ್ದೆ, ಓದು, ಸ್ನೇಹಿತರು ಎಲ್ಲಕ್ಕಿಂತ ಆಟವೇ ಮೇಲಾಗಿದೆಯೇ? ಕೆಡುಕಾಗುತ್ತಿದೆ ಎಂದು ಗೊತ್ತಿದ್ದೂ ಮುಂದುವರಿಸುತ್ತಿದ್ದಾನೆಯೇ? ಸಾಮಾನ್ಯವಾಗಿ ಒಂದು ವರ್ಷ ಹೀಗೆ ನಡೆದಿರಬೇಕು, ತೀರಾ ಹೆಚ್ಚಾಗಿದ್ದರೆ ಅಷ್ಟು ಕಾಯಬೇಕಿಲ್ಲ. ಅಂದರೆ ಒಂದು ಭಾನುವಾರ ಪೂರ್ತಿ ಆಡಿದವನೆಲ್ಲ ರೋಗಿಯಲ್ಲ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾವಿರುವುದು ಬಿ.ಟಿ.ಎಂ. ಲೇಔಟಿನಲ್ಲಿ. (ಬೈರಸಂದ್ರ, ತಾವರೆಕೆರೆ, ಮಡಿವಾಳ, ಈ ಮೂರು ಊರುಗಳ ಹೆಸರು ಸೇರಿ ಬಿ.ಟಿ.ಎಂ. ಆದದ್ದು, ಇಲ್ಲಿಯೇ ಇರುವ ಎಷ್ಟೋ ಜನಕ್ಕೆ ಗೊತ್ತಿಲ್ಲ.) ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಪಿ.ಜಿ.ಗಳೇ ಹೆಚ್ಚು. ಆರು ಜನ ಹುಡುಗರಿಗೆ ನಾನು ಮಧ್ಯಾಹ್ನದ ಊಟದ ಡಬ್ಬಿ ಕಟ್ಟಿಕೊಡುತ್ತೇನೆ. ಅವರಲ್ಲಿ ಮಲೆನಾಡಿನ ಕಡೆಯ ಒಬ್ಬನಿದ್ದಾನೆ. ಶನಿವಾರ ರಾತ್ರಿ ಶುರುಮಾಡಿದರೆ ಭಾನುವಾರ ರಾತ್ರಿಯವರೆಗೂ ಆಟವೇ. ಆದರೆ ಡಬ್ಬಿ ಖಾಲಿಯಾಗಿ, ತೊಳೆದು ಬರುತ್ತದೆ. ಸೋಮವಾರ ಎಂಟು ಗಂಟೆಗೆ ಬ್ಯಾಗು ನೇತುಹಾಕಿಕೊಂಡು ಬಸ್ಸಿಗೆ ನಿಂತಿರುತ್ತಾನೆ. ಅವನ ಬಗ್ಗೆ ನನಗೆ ಚಿಂತೆಯಿಲ್ಲ.

ಇನ್ನೊಬ್ಬ ಇದ್ದ, ಬಯಲುಸೀಮೆಯ ಹುಡುಗ, ಎಂಜಿನಿಯರಿಂಗ್ ಮೊದಲ ವರ್ಷ. ಅವನ ಡಬ್ಬಿ ಮುಚ್ಚಳ ತೆಗೆಯದೆ ಹಾಗೇ ವಾಪಸು ಬರತೊಡಗಿತು. ಕೇಳಿದರೆ "ಹಸಿವಿರ್ಲಿಲ್ಲ ಆಂಟಿ" ಅನ್ನುತ್ತಿದ್ದ. ಬೆಳಗಿನ ಜಾವ ಐದಕ್ಕೆ ಮಲಗಿ ಮಧ್ಯಾಹ್ನ ಮೂರಕ್ಕೆ ಏಳುತ್ತಾನೆಂದು ಅವನ ರೂಮಿನವರೇ ಹೇಳಿದರು. ಊರಿನಲ್ಲಿ ಅವನ ತಾಯಿಗೆ "ಓದ್ತಿದ್ದೀನಿ ಕಣಮ್ಮ". ಆಕೆ ಆಗಾಗ ನನಗೂ ಫೋನ್ ಮಾಡುತ್ತಿದ್ದರು. "ಅಕ್ಕಾ, ನನ್ನ ಮಗ ಸರಿಯಾಗಿ ಊಟ ಮಾಡ್ತಾನಾ?" ಪರರ ಮನೆಯ ಮಾತು, ನಮಗೇಕೆ ಎಂದು ಸುಮ್ಮನಿರಬಹುದಿತ್ತು. ನಾನು ಸುಮ್ಮನಿರಲಿಲ್ಲ. "ಒಂದು ವಾರದಿಂದ ಡಬ್ಬಿ ಹಾಗೇ ಬರ್ತಿದೆ ಕಣಮ್ಮ. ನೀವೊಂದ್ ಸಲ ಬಂದು ನೋಡ್ಕೊಂಡ್ ಹೋಗಿ" ಎಂದೆ.

ಮರುದಿನ ರಾತ್ರಿ ಬಸ್ಸಿಗೇ ಬಂದರು. ದೊಡ್ಡ ಹೆಂಗಸು ಆಕೆ, ಒಂದು ಮಾತು ಬೈಯಲಿಲ್ಲ. ನಮ್ಮ ಮನೆಯಲ್ಲೇ ಎರಡು ದಿನ ಉಳಿದು, ಮಗನಿಗೆ ಊಟ ಬಡಿಸಿ, ಪಕ್ಕದಲ್ಲಿ ಕೂತಿದ್ದರು. ಎರಡನೆಯ ದಿನ ಹುಡುಗ ತಾನಾಗಿ ಬಾಯಿಬಿಟ್ಟ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಊರಿಗೇ ಹೆಚ್ಚು ಅಂಕ ತೆಗೆದವನು. ಇಲ್ಲಿ ತರಗತಿಯ ಇಂಗ್ಲಿಷಿನ ಓಟಕ್ಕೆ ಅರ್ಧ ಅರ್ಥವಾಗುತ್ತಿರಲಿಲ್ಲ, ಎದ್ದು ಕೇಳಲು ನಾಚಿಕೆ. ಮೊದಲ ಸೆಮಿಸ್ಟರಿನಲ್ಲಿ ನಾಲ್ಕು ವಿಷಯ ಹೋಗಿದ್ದವು, ಮನೆಯಲ್ಲಿ ಹೇಳಿರಲಿಲ್ಲ. ಆಟದಲ್ಲಾದರೆ ಅವನೇ ತಂಡದ ಮುಂದಾಳು. ಅವನು ಹೇಳಿದ ಕಡೆ ಉಳಿದ ಮೂವರು ಓಡುತ್ತಾರೆ. ಹೇಳಿ, ನೀವಾಗಿದ್ದರೆ ದಿನವೆಲ್ಲ ಎಲ್ಲಿ ಇರುತ್ತಿದ್ದಿರಿ?

ದೂರದಲ್ಲಿರುವ ತಾಯಿ ಇದನ್ನು ಫೋನಿನಲ್ಲಿ ಹೇಗೆ ಹಿಡಿಯುವುದು? "ಓದ್ತಿದ್ದೀಯಾ?" ಎಂದರೆ ಹೌದೆಂದೇ ಉತ್ತರ ಬರುತ್ತದೆ. "ಬೆಳಿಗ್ಗೆ ತಿಂಡಿ ಏನಿತ್ತು?" ಎಂದು ಕೇಳಿ. ಮಧ್ಯಾಹ್ನದವರೆಗೆ ಮಲಗಿದವನು ತಡವರಿಸುತ್ತಾನೆ. ಬೆಳಿಗ್ಗೆ ಎಂಟಕ್ಕೆ ಮಾಡಿದ ಫೋನನ್ನು ವಾರಗಟ್ಟಲೆ ಎತ್ತದಿದ್ದರೆ, ಹಬ್ಬಕ್ಕೆ ಊರಿಗೆ ಬರಲು ನೆಪ ಹೇಳಿದರೆ, ಫಲಿತಾಂಶ ಇನ್ನೂ ಬಂದಿಲ್ಲ ಎಂದು ತಿಂಗಳುಗಟ್ಟಲೆ ಹೇಳಿದರೆ, ಒಮ್ಮೆ ಹೊರಟು ಬನ್ನಿ. ಬಸ್ ಚಾರ್ಜಿಗೆ ಹಿಂದೆಮುಂದೆ ನೋಡಬೇಡಿ.

ಹಣ ಕೇಳುವುದು ಹೆಚ್ಚಾದರೆ ಇನ್ನೂ ಎಚ್ಚರ ಬೇಕು. ಆಟದೊಳಗೆ ಬಟ್ಟೆ, ಬಂದೂಕಿನ ಬಣ್ಣ ಕೊಳ್ಳುವುದು ಒಂದು ಬಗೆ. ಹಣ ಕಟ್ಟಿ ರಮ್ಮಿ ಮುಂತಾದವನ್ನು ಆಡುವುದು ಬೇರೆಯೇ. ಅದು ಜೂಜು, ಫೋನಿನಲ್ಲಿ ಆಡಿದ ಮಾತ್ರಕ್ಕೆ ಗೇಮ್ ಆಗುವುದಿಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳ ವಿರುದ್ಧ ಕಾನೂನು ಮಾಡಿತು. ಅದರಲ್ಲಿ ಶಿಕ್ಷೆ ಆಡಿಸುವವರಿಗೆ, ಆಡಿದವರಿಗಲ್ಲ. ಆದ್ದರಿಂದ ಮಗ ಸಾಲ ಮಾಡಿಕೊಂಡಿದ್ದರೆ ಪೊಲೀಸರ ಭಯಕ್ಕೆ ಮುಚ್ಚಿಡಬೇಕಾಗಿಲ್ಲ.

ನಿಮ್ಹಾನ್ಸಿನವರು ಇಂಥ ಮಕ್ಕಳಿಗೆಂದೇ 2014ರಲ್ಲಿ 'ಶಟ್' ಎಂಬ ಚಿಕಿತ್ಸಾಲಯ ಶುರುಮಾಡಿದರು. ಮನಃಶಾಸ್ತ್ರಜ್ಞ ಡಾ. ಮನೋಜ್ ಕುಮಾರ್ ಶರ್ಮ ಅವರು ಅದನ್ನು ನಡೆಸಿಕೊಂಡು ಬಂದವರು. ನಮ್ಮ ಬಡಾವಣೆಯಲ್ಲಿರುವ ನಿಮ್ಹಾನ್ಸ್ ಕೇಂದ್ರದಲ್ಲಿಯೇ ಅದು ನಡೆಯುತ್ತಿದ್ದುದರಿಂದ ನನಗೆ ಇದರ ಪರಿಚಯ. ಹೊರಡುವ ಮುನ್ನ ನಿಮ್ಹಾನ್ಸಿಗೆ ಫೋನ್ ಮಾಡಿ ದಿನ, ಸ್ಥಳ ಕೇಳಿಕೊಳ್ಳಿ. ಅಲ್ಲಿಗೆ ಹೋದರೆ "ಹುಚ್ಚು" ಎಂದು ಜನ ಆಡಿಕೊಂಡಾರು ಎಂಬ ಅಳುಕು ಬೇಡ. ಅಲ್ಲಿ ಹೆಚ್ಚಾಗಿ ನಡೆಯುವುದು ಮಾತುಕತೆ. ನಿದ್ದೆ ಸರಿಮಾಡುವುದು, ಆಟದ ಹೊತ್ತನ್ನು ಸ್ವಲ್ಪ ಸ್ವಲ್ಪವೇ ಇಳಿಸುವುದು, ಖಾಲಿಯಾದ ಹೊತ್ತಿಗೆ ಬೇರೇನಾದರೂ ಹುಡುಕುವುದು. ಊರಿನಿಂದ ಬರಲಾಗದವರಿಗೆ ಟೆಲಿ ಮಾನಸ್ ಇದೆ, ಸಂಖ್ಯೆ 14416. 2022ರ ಅಕ್ಟೋಬರಿನಲ್ಲಿ ಸರ್ಕಾರ ಶುರುಮಾಡಿದ್ದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಹುಡುಗ ಒಪ್ಪದಿದ್ದರೆ ಮೊದಲು ನೀವೇ ಮಾಡಿ.

ಆ ಹುಡುಗನೂ ನಾಲ್ಕಾರು ಸಲ ಹೋಗಿಬಂದ. ಮೇಲಿನ ಮಹಡಿಯ ಕೊನೆಯ ವರ್ಷದ ಹುಡುಗನೊಬ್ಬ ಸಂಜೆ ಕನ್ನಡದಲ್ಲೇ ಗಣಿತ ಹೇಳಿಕೊಡುತ್ತಾನೆ. ರಾತ್ರಿ ಹನ್ನೊಂದಕ್ಕೆ ಫೋನು, ಚಾರ್ಜರು ಎರಡೂ ರೂಮಿನ ಗೆಳೆಯನ ಕೈಗೆ. ಹೋಗಿದ್ದ ನಾಲ್ಕರಲ್ಲಿ ಎರಡು ವಿಷಯ ಪಾಸಾಗಿದೆ, ಎರಡು ಉಳಿದಿದೆ. ಭಾನುವಾರ ಈಗಲೂ ಆಡುತ್ತಾನೆ. ಅವನ ತಾಯಿಗೆ ಅದು ಇಷ್ಟವಿಲ್ಲ. ನಾನಂತೂ, ಆಡಲಿ ಬಿಡಿ ಎಂದಿದ್ದೇನೆ.