ಆದಿತ್ಯನ ಗೋಡೆಯನ್ನೂ ಹೊಸಕೋಟೆ ಓದಲಿ

ಅಣುಶಕ್ತಿ ಆಯೋಗದ ಅಧ್ಯಕ್ಷರಿಗೆ,

ಹೊಸಕೋಟೆಯಲ್ಲಿ ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ ಹೇಳಿಕೊಡುವವನ ಕೋರಿಕೆ ಇದು.

ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಕ್ರೆಸ್ಟ್ ಆವರಣ ಇರುವುದು ನಮ್ಮೂರಲ್ಲಿ. ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣ ವಿಇಎಲ್‌ಸಿಯನ್ನು ಜೋಡಿಸಿ, ಪರೀಕ್ಷಿಸಿ, 2023ರ ಜನವರಿ 26ರಂದು ಇಸ್ರೋ ಕೈಗೊಪ್ಪಿಸಿದ್ದು ಇಲ್ಲೇ. ಸೂರ್ಯನ ಕರೋನಾದಲ್ಲಿ 13 ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ 530.3 ನ್ಯಾನೋಮೀಟರಿನ ಹಸಿರು ಬೆಳಕು ಸೂಸುತ್ತದೆ. ಆ ಗೆರೆಯನ್ನು ಓದುವುದೂ ಅದರ ಕೆಲಸ. ಕುದಿಯುವ ಪ್ಲಾಸ್ಮಾದೊಳಗಿನ ಲೋಹವನ್ನು ಮುಟ್ಟದೆ, ಬೆಳಕಿನಿಂದಲೇ ಗುರುತು ಹಿಡಿಯುವ ವಿದ್ಯೆ ಅದು.

ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ 1989ರಿಂದ ಇರುವ ಟೋಕಮ್ಯಾಕ್‌ನ, ಅಂದರೆ ಪ್ಲಾಸ್ಮಾವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಯಂತ್ರದ, ಹೆಸರೂ ಆದಿತ್ಯ. ಅಲ್ಲಿಗೂ ಈ ವಿದ್ಯೆ ಬೇಕು, ಮುಂದೆ ಇನ್ನೂ ಹೆಚ್ಚು ಬೇಕಾಗುತ್ತದೆ. ಭಾರತವೂ ಪಾಲುದಾರನಾಗಿರುವ ಅಂತರರಾಷ್ಟ್ರೀಯ ಟೋಕಮ್ಯಾಕ್ ಯೋಜನೆ ಐಟರ್ ತನ್ನ ಒಳಗೋಡೆಗೆ ಬೆರಿಲಿಯಂ ಬಿಟ್ಟು ಟಂಗ್‌ಸ್ಟನ್ ಹೊದಿಸಲು 2023ರಲ್ಲಿ ನಿರ್ಧರಿಸಿತು. 3,400 ಡಿಗ್ರಿ ಸೆಲ್ಸಿಯಸ್‌ವರೆಗೂ ಕರಗದ ಲೋಹ ಅದು. ಆದರೂ ಅಯಾನುಗಳ ಪೆಟ್ಟಿಗೆ ಅದರ ಪರಮಾಣುಗಳು ಕಿತ್ತು ಬರುತ್ತವೆ. ಹಲವು ಅಲ್ಲೇ ಹತ್ತಿರ ಕೂರುತ್ತವೆ. ಕೆಲವು ಅಯಾನಾಗಿ, ಕಾಂತಕ್ಷೇತ್ರದ ಗೆರೆ ಹಿಡಿದು ಸಾಗಿ ಬೇರೆಡೆ ಅಂಟುತ್ತವೆ, ಮತ್ತೆ ಕಿತ್ತು ಮತ್ತೆ ಹೊರಡುತ್ತವೆ. ಪ್ಲಾಸ್ಮಾದ ನಡುಗರ್ಭಕ್ಕೆ ನುಗ್ಗಿದವೇ ಅಪಾಯ. 74 ಎಲೆಕ್ಟ್ರಾನುಗಳ ಟಂಗ್‌ಸ್ಟನ್ ಅಲ್ಲಿನ ಕಾವಿನಲ್ಲೂ ಪೂರ್ತಿ ಬರಿದಾಗುವುದಿಲ್ಲ. ಉಳಿದ ಎಲೆಕ್ಟ್ರಾನುಗಳು ಶಾಖವನ್ನು ಬೆಳಕಾಗಿ ಹೊರಗೆ ಚೆಲ್ಲುತ್ತಲೇ ಇರುತ್ತವೆ. ಲಕ್ಷಕ್ಕೆ ಕೆಲವೇ ಪರಮಾಣು ಸೇರಿದರೂ ಪ್ಲಾಸ್ಮಾ ಸೊರಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. 1970ರ ದಶಕದಲ್ಲೇ ಅಮೆರಿಕದ ಪ್ರಿನ್ಸ್‌ಟನ್‌ನ ಸಂಶೋಧಕರು ಇದನ್ನು ಕಂಡು ಟಂಗ್‌ಸ್ಟನ್ ಕೈಬಿಟ್ಟಿದ್ದರು.

ಹಾಗಾಗಿ ಗೋಡೆ ಎಷ್ಟು ಸವೆಯಿತು ಎಂಬ ಲೆಕ್ಕ ಸಾಲದು. ಗೋಡೆಯ ಯಾವ ಬಿಲ್ಲೆಯಿಂದ ಎದ್ದದ್ದು ಎಲ್ಲಿ ಹೋಗಿ ಕೂತಿತು ಎಂಬ ಜಾಡು ಬೇಕು. ಇಂಗ್ಲೆಂಡಿನ ಜೆಟ್ ಎಂಬ ಟೋಕಮ್ಯಾಕ್‌ನಲ್ಲಿ 2024ರಲ್ಲಿ ದೂರನಿಯಂತ್ರಿತ ತೋಳಿಗೆ ಲೇಸರ್ ಕೊಟ್ಟು ಗೋಡೆಯನ್ನೇ ಬಿಲ್ಲೆ ಬಿಲ್ಲೆಯಾಗಿ ಓದಿಸಿದರು.

ಗಾಂಧಿನಗರದಲ್ಲಿ ರೋಹಿತ ಬಲ್ಲವರಿಲ್ಲ ಎಂದು ನಾನು ಹೇಳುತ್ತಿಲ್ಲ, ಇದ್ದಾರೆ. ಕರೋನಾದ ಪ್ಲಾಸ್ಮಾ ಟೋಕಮ್ಯಾಕ್‌ನದಕ್ಕಿಂತ ಎಷ್ಟೋ ತೆಳು ಎಂಬುದೂ ಗೊತ್ತು. ಆದರೆ ಮಂಕು ಗೆರೆಯೊಂದನ್ನು ಝಗಝಗಿಸುವ ಬೆಳಕಿನ ಪಕ್ಕದಿಂದ ಬಿಡಿಸಿ ತೆಗೆಯುವ ಕೈಗಳು ಹೊಸಕೋಟೆಯಲ್ಲಿ ಪಳಗಿವೆ. ಖಭೌತ ಸಂಸ್ಥೆ ನಿಮ್ಮ ಇಲಾಖೆಯದಲ್ಲ, ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯದು. ಇಲಾಖೆಗಳ ನಡುವಿನ ಆ ಗೆರೆಯನ್ನು ದಾಟಿಸಬಲ್ಲವರು ತಾವು. ಎರಡೂ ಕಡೆಯವರನ್ನು ಕೂರಿಸಿ, ಗೋಡೆಯ ಲೋಹದ ಜಾಡು ಹಿಡಿಯುವ ಒಂದು ಜಂಟಿ ಯೋಜನೆ ಕೊಡಿ. ಅದರಲ್ಲಿ ನಮ್ಮ ಜಿಲ್ಲೆಯ ಎಂಎಸ್ಸಿ ವಿದ್ಯಾರ್ಥಿಗಳಿಗೂ ಒಂದೆರಡು ಜಾಗವಿರಲಿ. ಕ್ರೆಸ್ಟ್ ಗೇಟನ್ನು ದಿನವೂ ಬಸ್ಸಿನ ಕಿಟಕಿಯಿಂದ ನೋಡುವವರು ಅವರು. ಒಳಗೆ ಏನು ನಡೆಯುತ್ತದೆ ಎಂದು ತರಗತಿಯಲ್ಲಿ ನನ್ನನ್ನು ಕೇಳುತ್ತಾರೆ.

ಇಂತಿ,
ಹೊಸಕೋಟೆಯ ಒಬ್ಬ ಭೌತಶಾಸ್ತ್ರ ಶಿಕ್ಷಕ